ಕೋಳಿಮರಿಯ ರಕ್ತದಲ್ಲಿ ತಾಯಿಯ ಪಾಲು: ಕೊಕ್ಕರೆ ರೋಗದ ಲಸಿಕೆಗೆ ದಿನ ಗೊತ್ತುಪಡಿಸುವ ಪರೀಕ್ಷೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಕೋಳಿ ಸಾಕಾಣಿಕೆಯ ವಿಷಯ ಗ್ರಾಮ ಪಂಚಾಯಿತಿಯ ಸಭೆಯ ಮುಂದೆ ಬರುವುದು ಬಹುಮಟ್ಟಿಗೆ ಎರಡೇ ಸಂದರ್ಭಗಳಲ್ಲಿ. ಫಲಾನುಭವಿಗಳ ಪಟ್ಟಿ ಸಿದ್ಧವಾಗುವಾಗ ಅಥವಾ ಉದ್ಯೋಗ ಖಾತರಿ ಯೋಜನೆಯಲ್ಲಿ ಕೋಳಿ ಶೆಡ್ಡಿನ ಕಾಮಗಾರಿ ಸೇರುವಾಗ ಒಮ್ಮೆ. ಹಂಚಿದ ಮರಿಗಳು ಸತ್ತು ದೂರು ಬಂದಾಗ ಇನ್ನೊಮ್ಮೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಾಣಿಕೆಯನ್ನು ಒಂದೇ ಸಾಲಿನಲ್ಲಿ ಪಂಚಾಯಿತಿಗಳ ವಿಷಯವೆಂದು ಹೆಸರಿಸಿದೆ. ಆದರೆ ಪಟ್ಟಿ ಮಾಡುವ ದಿನಕ್ಕೂ ದೂರು ಬರುವ ದಿನಕ್ಕೂ ನಡುವೆ ಆ ಮರಿಗಳ ಬಗ್ಗೆ ಯಾರೂ ಏನನ್ನೂ ಕೇಳುವುದಿಲ್ಲ.

ದೂರಿನ ಮಾತು ಹೆಚ್ಚು ಕಡಿಮೆ ಎಲ್ಲ ಊರುಗಳಲ್ಲೂ ಒಂದೇ: “ಲಸಿಕೆ ಹಾಕಿಸಿದ್ದೆವು, ಆದರೂ ಸತ್ತವು.” ಕೂಡಲೇ ಮೂರು ಅನುಮಾನಗಳು ಏಳುತ್ತವೆ. ಲಸಿಕೆ ಕೆಟ್ಟದ್ದಿರಬೇಕು, ಹಾಕಿದವರು ಸರಿಯಾಗಿ ಹಾಕಿರಲಿಕ್ಕಿಲ್ಲ, ಇಲ್ಲವೇ ಮರಿಗಳೇ ಕಳಪೆ. ಈ ಮೂರೂ ಕೆಲವೊಮ್ಮೆ ನಿಜವಾಗುತ್ತವೆ. ಆದರೆ ನಾಲ್ಕನೆಯ ಕಾರಣವೊಂದಿದೆ. ಅದನ್ನು ಯಾರೂ ಕೇಳುವುದಿಲ್ಲ. ಲಸಿಕೆ ಒಳ್ಳೆಯದೇ ಇದ್ದು, ಹಾಕಿದವರೂ ಸರಿಯಾಗಿಯೇ ಹಾಕಿ, ಮರಿಯೂ ಗಟ್ಟಿಯಾಗಿದ್ದು, ಲಸಿಕೆ ಹಾಕಿದ ದಿನ ಮಾತ್ರ ತಪ್ಪಾಗಿರಬಹುದು. ಮರಿಗೆ ತಾಯಿಯಿಂದ ಬಂದ ರಕ್ಷಣೆಯೇ ಅಂದು ಆ ಲಸಿಕೆಯನ್ನು ನುಂಗಿಹಾಕಿರಬಹುದು.

ಕೊಕ್ಕರೆ ರೋಗ ಯಾವುದೆಂಬುದನ್ನು ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಮರಿ ಬಾಯಿ ತೆರೆದು ಏದುಸಿರು ಬಿಡುವುದು, ಹಸಿರು ಬೆರೆತ ಬಿಳಿ ಭೇದಿ, ರೆಕ್ಕೆ ಕಾಲುಗಳ ಸೋಲು, ಕೊನೆಗೆ ಕತ್ತು ತಿರುಚಿಕೊಂಡು ಬೀಳುವುದು. ಇವನ್ನು ಕಾಣದ ಹಟ್ಟಿಯಿಲ್ಲ. ಪುಸ್ತಕಗಳಲ್ಲಿ ಇದರ ಹೆಸರು ರಾಣಿಖೇತ್ ರೋಗ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯೂ ಇದು ಮೊದಲು ದಾಖಲಾಯಿತು. ಅದಾದ ಒಂದೆರಡು ವರ್ಷಗಳಲ್ಲೇ ಕುಮಾವ್ ಬೆಟ್ಟಗಳ ರಾಣಿಖೇತ್‌ನಲ್ಲಿ ಗುರುತಾದುದರಿಂದ ಭಾರತದಲ್ಲಿ ಆ ಊರಿನ ಹೆಸರೇ ಉಳಿಯಿತು. ಅದೇ ಬೆಟ್ಟಸಾಲಿನ ಮುಕ್ತೇಶ್ವರದ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲಿ ರೂಪುಗೊಂಡ ಆರ್‌ಟುಬಿ ಲಸಿಕೆ ಇಂದಿಗೂ ಬಳಕೆಯಲ್ಲಿದೆ. ರೋಗ ತಗುಲಿದ ಮೇಲೆ ಔಷಧವಿಲ್ಲ. ಲಸಿಕೆಯಿಲ್ಲದ ಹಿಂಡಿಗೆ ಉಗ್ರ ಬಗೆಯ ವೈರಾಣು ಹೊಕ್ಕರೆ ಒಂದು ಹಕ್ಕಿಯೂ ಉಳಿಯದಿರಬಹುದು. ನಾಟಿ ಕೋಳಿಗೆ ಈ ರೋಗ ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಬೇಸಿಗೆಯಲ್ಲಿ ಬರಿದಾಗುವ ಮಂಕರಿಗಳು ಬೇರೆಯ ಮಾತನ್ನೇ ಹೇಳುತ್ತವೆ.

ಹುಟ್ಟಿನಿಂದ ಬರುವ ಒಂದು ರಕ್ಷಣೆ ಮಾತ್ರ ನಿಜವಾಗಿಯೂ ಇದೆ. ಅದು ತಳಿಯ ಗುಣವಲ್ಲ, ತಾಯಿ ಕೊಟ್ಟು ಕಳಿಸಿದ ಬುತ್ತಿ. ಲಸಿಕೆ ಪಡೆದ ಅಥವಾ ರೋಗ ಬಂದು ಬದುಕುಳಿದ ಹೇಂಟೆಯ ರಕ್ತದಲ್ಲಿ ವೈರಾಣುವನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿರುತ್ತವೆ. ಮೊಟ್ಟೆ ರೂಪುಗೊಳ್ಳುವಾಗ ಅವು ಹಳದಿ ಭಂಡಾರಕ್ಕೆ ಇಳಿಯುತ್ತವೆ. ಮರಿ ಮೊಟ್ಟೆಯೊಡೆದು ಹೊರಬಂದ ಮೇಲೂ ಕೆಲವು ದಿನ ಹೊಟ್ಟೆಯೊಳಗೆ ಉಳಿದ ಹಳದಿಯನ್ನು ಹೀರುತ್ತಿರುತ್ತದೆ. ಅದರೊಡನೆ ಪ್ರತಿಕಾಯಗಳೂ ರಕ್ತಕ್ಕೆ ಸೇರುತ್ತವೆ. ಹೇಂಟೆಗೆ ಧನುರ್ವಾಯುವಿನ ವಿರುದ್ಧ ರಕ್ಷಣೆ ಬರಿಸಿದರೆ ಅದರ ಮೊಟ್ಟೆಯ ಹಳದಿಯಲ್ಲೂ ಆ ಶಕ್ತಿ ಇರುತ್ತದೆಂದು ಜರ್ಮನಿಯ ಫೆಲಿಕ್ಸ್ ಕ್ಲೆಂಪೆರರ್ 1893ರಷ್ಟು ಹಿಂದೆಯೇ ತೋರಿಸಿದ್ದರು. ಕೊಕ್ಕರೆ ರೋಗದ ವಿಷಯದಲ್ಲಿ ಇದೇ ಮಾತನ್ನು 1946ರಲ್ಲಿ ಅಮೆರಿಕದ ಬ್ರ್ಯಾಂಡ್ಲಿ ಮತ್ತು ಅವರ ಸಂಗಡಿಗರು ದೃಢಪಡಿಸಿದರು.

ಇಲ್ಲಿ ಗ್ರಾಮೀಣ ಮಹಿಳೆಯರಿಗೆ ಕೂಡಲೇ ಅರ್ಥವಾಗುವ, ಕಚೇರಿಗಳಲ್ಲಿ ಮಾತ್ರ ಮರೆತುಹೋಗುವ ಸಂಗತಿಯೊಂದಿದೆ. ಕಾವಿಗೆ ಕೂತ ಕೋಳಿ ಬೇರೆ, ಮೊಟ್ಟೆಯಿಟ್ಟ ಕೋಳಿ ಬೇರೆ ಇರಬಹುದು. ಮೂರು ಮನೆಗಳ ಮೊಟ್ಟೆಗಳನ್ನು ಒಂದೇ ಹೇಂಟೆಯ ಕೆಳಗಿಡುವುದು ವಾಡಿಕೆ. ಆಗ ಹತ್ತು ಮರಿಗಳು ಒಂದೇ ರೆಕ್ಕೆಯ ಕೆಳಗೆ ಬೆಚ್ಚಗೆ ಬೆಳೆದರೂ ಅವುಗಳ ರಕ್ತದಲ್ಲಿರುವ ಬುತ್ತಿ ಮೊಟ್ಟೆಯಿಟ್ಟ ತಾಯಿಯದು, ಕಾವು ಕೊಟ್ಟ ತಾಯಿಯದಲ್ಲ. ಒಂದು ಮರಿಗೆ ತುಂಬಾ ಇರಬಹುದು, ಪಕ್ಕದ ಮರಿಗೆ ಏನೂ ಇಲ್ಲದಿರಬಹುದು.

ಈ ಬುತ್ತಿ ದಿನದಿಂದ ದಿನಕ್ಕೆ ಕರಗುತ್ತದೆ. ಮೇಲ್ತೊಟ್ಟಿಯ ಹೋಲಿಕೆ ಇಲ್ಲಿ ಅನುಕೂಲ. ತಾಯಿಯ ಪ್ರತಿಕಾಯವೆಂದರೆ ಒಮ್ಮೆ ತುಂಬಿಸಿಕೊಟ್ಟು, ಮತ್ತೆ ನೀರು ಹರಿಸದ, ಆದರೆ ಸದಾ ಸೋರುವ ತೊಟ್ಟಿ. ಲಸಿಕೆಯೆಂದರೆ ಮರಿಯ ಸ್ವಂತ ಕೊಳವೆಬಾವಿ. ವಿಚಿತ್ರವೆಂದರೆ ತೊಟ್ಟಿ ತುಂಬಿರುವಾಗ ಈ ಬಾವಿ ಕೊರೆಯಲು ಬರುವುದಿಲ್ಲ. ಮರಿಗೆ ಕೊಡುವ ಲಸಿಕೆಯಲ್ಲಿರುವುದು ಜೀವಂತ, ಆದರೆ ಸೌಮ್ಯವಾದ ವೈರಾಣು. ಅದು ಮರಿಯ ದೇಹದಲ್ಲಿ ಸ್ವಲ್ಪ ಕಾಲ ನೆಲೆಯೂರಿ ಬೆಳೆದರೆ ಮಾತ್ರ ದೇಹ ಪಾಠ ಕಲಿಯುತ್ತದೆ. ತಾಯಿಯ ಪ್ರತಿಕಾಯಕ್ಕೆ ಲಸಿಕೆಯ ವೈರಾಣು ಯಾವುದು, ರೋಗದ ವೈರಾಣು ಯಾವುದೆಂಬ ಭೇದ ತಿಳಿಯದು. ಬಂದದ್ದನ್ನೆಲ್ಲ ಹಿಡಿದು ಮುಗಿಸುತ್ತದೆ.

ಅಂಕಿಗಳಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮರಿಯಲ್ಲಿ ತಾಯಿಯ ಪ್ರತಿಕಾಯದ ಪ್ರಮಾಣ ಸುಮಾರು 4ರಿಂದ 5 ದಿನಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಒಂದು ದಿನದ ಮರಿಯಲ್ಲಿ ಆ ಪ್ರಮಾಣ 128 ಇದ್ದರೆ ಐದನೆಯ ದಿನದ ಹೊತ್ತಿಗೆ 64, ಒಂಬತ್ತನೆಯ ದಿನಕ್ಕೆ 32, ಎರಡು ವಾರದ ಹೊತ್ತಿಗೆ 16, ಹದಿನೆಂಟನೆಯ ದಿನದ ಆಸುಪಾಸಿಗೆ 8. ಪ್ರಮಾಣ 8ರ ಸಮೀಪಕ್ಕೆ ಇಳಿದಾಗ ಲಸಿಕೆ ಚೆನ್ನಾಗಿ ನೆಲೆಯೂರುತ್ತದೆ; ಆದರೆ ತಾಯಿಯ ರಕ್ಷಣೆ ಸಾಲದಾಗುವುದೂ ಆಗಲೇ. ಇದೇ ಮರಿಗೆ ಐದನೆಯ ದಿನ ಲಸಿಕೆ ಹಾಕಿದರೆ ಬಹುಪಾಲು ವ್ಯರ್ಥ. ದಾಖಲೆಯಲ್ಲಿ ‘ಲಸಿಕೆ ಹಾಕಿದೆ’ ಎಂದಿರುತ್ತದೆ, ಮೂರು ವಾರ ಕಳೆಯುವಷ್ಟರಲ್ಲಿ ಮರಿ ಬರಿಗೈಯಲ್ಲಿ ನಿಂತಿರುತ್ತದೆ. ಇದಕ್ಕೆ ವಿರುದ್ಧವಾಗಿ, ಹುಟ್ಟುವಾಗಲೇ ಪ್ರಮಾಣ 16 ಮಾತ್ರ ಇದ್ದ ಮರಿಗೆ ಹದಿನೆಂಟನೆಯ ದಿನದವರೆಗೆ ಕಾದರೆ ಸುಮಾರು ಎರಡು ವಾರ ಅದಕ್ಕೆ ತಾಯಿಯ ರಕ್ಷಣೆಯೂ ಇಲ್ಲ, ಸ್ವಂತದ್ದೂ ಇಲ್ಲ. ಬೇಗ ಹಾಕಿದರೆ ಒಂದು ತಪ್ಪು, ತಡವಾಗಿ ಹಾಕಿದರೆ ಇನ್ನೊಂದು ತಪ್ಪು. ಯಾವುದು ತಪ್ಪೆಂದು ಮರಿಯ ಮುಖ ನೋಡಿ ಹೇಳಲಾಗದು. ಅದಕ್ಕಾಗಿಯೇ ಪರೀಕ್ಷೆ.

ಪರೀಕ್ಷೆಯ ಹೆಸರು ಉದ್ದ: ಹೀಮಾಗ್ಲುಟಿನೇಷನ್ ಇನ್ಹಿಬಿಷನ್, ಬಳಕೆಯಲ್ಲಿ ಎಚ್.ಐ. ಪರೀಕ್ಷೆ. ಕೆಲಸ ಮಾತ್ರ ಸರಳ, ಕಣ್ಣಿಗೆ ಕಾಣುವಂಥದು. ಕೊಕ್ಕರೆ ರೋಗದ ವೈರಾಣುವಿಗೆ ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವ ಗುಣವಿದೆ. ಪ್ರತಿಕಾಯ ಇದ್ದರೆ ಅದು ವೈರಾಣುವನ್ನು ಮೊದಲೇ ಹಿಡಿದುಬಿಡುವುದರಿಂದ ಕಣಗಳು ಅಂಟಿಕೊಳ್ಳುವುದಿಲ್ಲ. 96 ಪುಟ್ಟ ಗುಣಿಗಳುಳ್ಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಮರಿಯ ರಕ್ತದಿಂದ ಬೇರ್ಪಡಿಸಿದ ಸೀರಮ್ಮನ್ನು ಒಂದು ಗುಣಿಯಿಂದ ಮುಂದಿನ ಗುಣಿಗೆ ಅರ್ಧರ್ಧ ತೆಳುವಾಗಿಸುತ್ತ ಹೋಗುತ್ತಾರೆ: 2ರಲ್ಲಿ ಒಂದು ಪಾಲು, 4ರಲ್ಲಿ ಒಂದು, 8ರಲ್ಲಿ, 16ರಲ್ಲಿ, ಹೀಗೆ. ಎಲ್ಲ ಗುಣಿಗಳಿಗೂ ಒಂದೇ ಅಳತೆಯ ವೈರಾಣು ಹಾಕಿ, ಸುಮಾರು ಅರ್ಧ ಗಂಟೆ ಬಿಟ್ಟು, ಬಳಿಕ ಕೋಳಿಯ ರಕ್ತಕಣಗಳ ತೆಳು ದ್ರಾವಣ ಬೆರೆಸಿ, ಮತ್ತೆ ಅರ್ಧ ಗಂಟೆಯಷ್ಟು ಕಾಯುತ್ತಾರೆ. ಪ್ರತಿಕಾಯ ಸಾಕಷ್ಟಿರುವ ಗುಣಿಯ ತಳದಲ್ಲಿ ಕಣಗಳು ಕೆಂಪು ಗುಂಡಿಯಂತೆ ಒಟ್ಟಾಗಿ ಕೂರುತ್ತವೆ. ತಟ್ಟೆಯನ್ನು ಓರೆ ಮಾಡಿದರೆ ಕಣ್ಣೀರಿನ ಹನಿಯಂತೆ ಜಾರುತ್ತವೆ. ಪ್ರತಿಕಾಯ ಸಾಲದ ಗುಣಿಯಲ್ಲಿ ಕಣಗಳು ಬಲೆ ಹರಡಿದಂತೆ ತಳವನ್ನೆಲ್ಲ ಆವರಿಸುತ್ತವೆ. ಗುಂಡಿ ಕಾಣುವ ಕೊನೆಯ ಗುಣಿಯ ಅಂಕಿಯೇ ಆ ಮರಿಯ ಪ್ರಮಾಣ. ಪ್ರಯೋಗಾಲಯದವರು ಇದನ್ನು ಟೈಟರ್ ಎನ್ನುತ್ತಾರೆ. 16 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪ್ರತಿಕಾಯ ಖಚಿತವಾಗಿ ಇದೆಯೆಂದು ಲೆಕ್ಕ.

ಒಂದು ದಿನದ ಮರಿಯಿಂದ ರಕ್ತ ತೆಗೆಯುವುದು ಪಶುವೈದ್ಯರ ಕೆಲಸ, ಎಲ್ಲರೂ ಕೈಹಾಕುವಂಥದಲ್ಲ. ಅದಕ್ಕೊಂದು ಸುಲಭ ದಾರಿಯೂ ಇದೆ. ಮರಿಯ ಬುತ್ತಿ ಬಂದದ್ದೇ ಹಳದಿಯಿಂದಾದ್ದರಿಂದ, ಅದೇ ತಾಯಿ ಹಿಂಡಿನ ಕೆಲವು ಮೊಟ್ಟೆಗಳ ಹಳದಿಯನ್ನು ಇದೇ ರೀತಿ ಪರೀಕ್ಷಿಸಿದರೆ ಹುಟ್ಟಲಿರುವ ಮರಿಗಳಿಗೆ ಎಷ್ಟು ಸಿಗಲಿದೆಯೆಂಬ ಅಂದಾಜು ಮೊದಲೇ ದೊರೆಯುತ್ತದೆ. ಮರಿಗೂ ನೋವಿಲ್ಲ, ಲಸಿಕೆಯ ದಿನ ಗೊತ್ತುಪಡಿಸಲು ಕಾವಿನ 21 ದಿನಗಳ ಸಮಯವೂ ಕೈಯಲ್ಲಿರುತ್ತದೆ.

ಎಷ್ಟು ಮರಿಗಳನ್ನು ಪರೀಕ್ಷಿಸಬೇಕು? ಸಾವಿರ ಮರಿಯ ತಂಡದಲ್ಲಿ ಸಾವಿರವನ್ನೂ ಅಲ್ಲ. ಸಾಮಾನ್ಯವಾಗಿ 20ರ ಆಸುಪಾಸು ಸಾಕು. ಸಿಮೆಂಟ್ ಕಾಂಕ್ರೀಟ್ ಕಾಮಗಾರಿಯ ಘನ ಮಾದರಿಗಳ ಪರಿಚಯವಿರುವ ಸದಸ್ಯರಿಗೆ ಇದು ಹೊಸದಲ್ಲ. ರಸ್ತೆಯನ್ನೆಲ್ಲ ಒಡೆದು ನೋಡುವುದಿಲ್ಲ. ಹಾಕುವಾಗಲೇ ತೆಗೆದ ಕೆಲವು ಘನಗಳನ್ನು 28ನೆಯ ದಿನ ಯಂತ್ರದಲ್ಲಿ ಒತ್ತಿ ನೋಡಲಾಗುತ್ತದೆ. ಆದರೆ ಘನಕ್ಕೆ ಮಾತ್ರ ಸಿಮೆಂಟ್ ಹೆಚ್ಚು ಬೆರೆಸುವ ಜಾಣತನವೂ ಎಲ್ಲರಿಗೂ ಗೊತ್ತಿರುವುದೇ. ಮರಿಗಳ ವಿಷಯದಲ್ಲಿ ಆ ಜಾಣತನ ಬೇಕಿಲ್ಲ, ಸೋಮಾರಿತನವೇ ಸಾಕು. ಕೈಗೆ ಮೊದಲು ಸಿಗುವುದು ಮಂಕಾದ ಮರಿ; ಅದನ್ನೇ ಹಿಡಿದು ಮಾದರಿ ತೆಗೆದರೆ ತಂಡದ ನಿಜಸ್ಥಿತಿ ತಿಳಿಯುವುದಿಲ್ಲ. ಶೆಡ್ಡಿನ ನಾಲ್ಕೂ ಮೂಲೆಗಳಿಂದಲೂ ನಡುವಿನಿಂದಲೂ ಮರಿ ಹಿಡಿಯಬೇಕು.

ವರದಿ ಬಂದಾಗ ನೋಡಬೇಕಾದದ್ದು ಸರಾಸರಿಯನ್ನಲ್ಲ. ಪ್ರಯೋಗಾಲಯದವರು ಈ ಪ್ರಮಾಣಗಳನ್ನು ಎಷ್ಟು ಬಾರಿ ಇಮ್ಮಡಿಸಿದೆ ಎಂಬ ಲೆಕ್ಕದಲ್ಲಿ ಬರೆಯುತ್ತಾರೆ: 4 ಎಂದರೆ 16, 5 ಎಂದರೆ 32, 7 ಎಂದರೆ 128. ಹತ್ತು ಮರಿಗಳಲ್ಲಿ ಆರರ ಅಂಕಿ 7, ನಾಲ್ಕರ ಅಂಕಿ 2 ಎಂದಿಟ್ಟುಕೊಳ್ಳಬಹುದು. ಒಟ್ಟು 50, ಸರಾಸರಿ 5. ವರದಿಯ ಕೊನೆಯ ಸಾಲಿನಲ್ಲಿ 5 ಎಂದಷ್ಟೇ ಓದಿದವರಿಗೆ ಒಂಬತ್ತನೆಯ ದಿನದ ಹೊತ್ತಿಗೆ ಲಸಿಕೆ ಹಾಕುವುದು ಸರಿಯೆನಿಸುತ್ತದೆ. ಆದರೆ ಆ ಹತ್ತರಲ್ಲಿ 5 ಇರುವ ಮರಿ ಒಂದೂ ಇಲ್ಲ. ಒಂಬತ್ತನೆಯ ದಿನ ಆರು ಮರಿಗಳಲ್ಲಿ ಲಸಿಕೆ ನೆಲೆಯೂರುವುದು ಕಷ್ಟ. ಉಳಿದ ನಾಲ್ಕು ಹುಟ್ಟಿದ ದಿನದಿಂದಲೂ ರಕ್ಷಣೆಯಿಲ್ಲದೆ ಓಡಾಡುತ್ತಿವೆ. ತಾಯಿ ಹಿಂಡಿಗೆಲ್ಲ ಒಂದೇ ಕಾಲದಲ್ಲಿ ಲಸಿಕೆ ಹಾಕಿದ ದೊಡ್ಡ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಅಂಕಿಗಳು ಒಂದರ ಪಕ್ಕ ಒಂದು ಕೂರುತ್ತವೆ, ಅಲ್ಲಿ ಸರಾಸರಿಗೆ ಅರ್ಥವಿದೆ. ಹಲವು ಮನೆಗಳಿಂದ ಮೊಟ್ಟೆ ಕೂಡಿಸಿ ಮರಿ ಮಾಡಿಸುವ ಸ್ವಸಹಾಯ ಗುಂಪುಗಳ ತಂಡದಲ್ಲಿ ಅಂಕಿಗಳು ಚದುರಿರುತ್ತವೆ. ಅಲ್ಲಿ ಒಂದೇ ದಿನಾಂಕ ಹುಡುಕುವುದಕ್ಕಿಂತ ಎರಡು ಬಾರಿ ಲಸಿಕೆ ಹಾಕುವುದೇ ವಿವೇಕ: ಮೊದಲ ವಾರದಲ್ಲಿ ಎಫ್ ಅಥವಾ ಲಸೋಟ ಲಸಿಕೆಯ ಹನಿ, ಸುಮಾರು ನಾಲ್ಕನೆಯ ವಾರದಲ್ಲಿ ಲಸೋಟ ಇನ್ನೊಮ್ಮೆ. ಕಣ್ಣಿಗೆ ಅಥವಾ ಮೂಗಿಗೆ ಹಾಕುವ ಹನಿಯು ಮೊದಲು ಅಲ್ಲಿಯೇ ಕೆಲಸ ಮಾಡುವುದರಿಂದ ರಕ್ತದಲ್ಲಿರುವ ತಾಯಿಯ ಪ್ರತಿಕಾಯದ ಅಡ್ಡಿ ಅದಕ್ಕೆ ಸ್ವಲ್ಪ ಕಡಿಮೆ. ಆರ್‌ಟುಬಿ ಲಸಿಕೆಯ ಮಾತು ಬೇರೆ. ಅದು ಪ್ರಬಲ, ಆರರಿಂದ ಎಂಟು ವಾರ ತುಂಬಿದ, ಮೊದಲು ಸೌಮ್ಯ ಲಸಿಕೆ ಪಡೆದ ಕೋಳಿಗಳಿಗೆ ಮಾತ್ರ. ಎಳೆಯ ಮರಿಗೆ ಅದನ್ನು ಚುಚ್ಚಿದರೆ ಲಸಿಕೆಯೇ ರೋಗವಾದೀತು.

ಪ್ರತಿ ಮನೆಯ ಐದಾರು ಮರಿಗಳಿಗೂ ಈ ಪರೀಕ್ಷೆ ಮಾಡಿಸಬೇಕೆಂದು ಹೇಳುವುದು ವ್ಯಾವಹಾರಿಕವಲ್ಲ. ಅದರ ಅಗತ್ಯವೂ ಇಲ್ಲ. ಆದರೆ ಗಿರಿರಾಜ, ಸ್ವರ್ಣಧಾರಾ ಅಥವಾ ಬೇರಾವುದೇ ತಳಿಯ ಮರಿಗಳನ್ನು ನೂರಾರು ಸಂಖ್ಯೆಯಲ್ಲಿ ತರಿಸಿ ಹಂಚುವಾಗ ಅದು ಸಾರ್ವಜನಿಕ ಹಣ. ಅಲ್ಲಿ ಪರೀಕ್ಷೆ ಕೇಳುವುದು ಸದಸ್ಯರ ಹಕ್ಕು. ಒಂದು ದಿನದ ಮರಿ ತರಿಸುವುದಾದರೆ ಪೂರೈಕೆದಾರರನ್ನು ಕೇಳಬೇಕಾದದ್ದು ತಾಯಿ ಹಿಂಡಿಗೆ ಯಾವಾಗ ಯಾವ ಲಸಿಕೆ ಹಾಕಲಾಗಿದೆ, ಅದರ ಮೊಟ್ಟೆ ಅಥವಾ ಮರಿಗಳ ಎಚ್.ಐ. ವರದಿಯಲ್ಲಿ ಒಂದೊಂದು ಮಾದರಿಯ ಅಂಕಿ ಎಷ್ಟಿದೆ ಎಂಬುದನ್ನು. ‘ಮರಿಗಳು ಆರೋಗ್ಯವಾಗಿವೆ’ ಎಂಬ ಪ್ರಮಾಣಪತ್ರ ಈ ಪ್ರಶ್ನೆಗೆ ಉತ್ತರವಲ್ಲ.

ಐದು-ಆರು ವಾರ ಬೆಳೆಸಿದ ಮರಿ ಹಂಚುವ ಯೋಜನೆಯಲ್ಲಿ ಪರೀಕ್ಷೆ ಇನ್ನೂ ನೇರವಾದ ಉತ್ತರ ಕೊಡುತ್ತದೆ. ಎಚ್.ಐ. ಪರೀಕ್ಷೆಯು ಪ್ರತಿಕಾಯ ಎಷ್ಟಿದೆಯೆಂದು ಹೇಳುತ್ತದೆಯೇ ಹೊರತು ಅದು ತಾಯಿ ಕೊಟ್ಟದ್ದೋ ಲಸಿಕೆಯಿಂದ ಬಂದದ್ದೋ ರೋಗದಿಂದ ಬಂದದ್ದೋ ಹೇಳುವುದಿಲ್ಲ. ಐದು ದಿನದ ಮರಿಯಲ್ಲಿ 64 ಕಂಡರೆ ಅದು ತಾಯಿಯದೇ. ಆದರೆ ಹುಟ್ಟುವಾಗ 128 ಇದ್ದ ಮರಿಯಲ್ಲೂ ಐದು ವಾರಗಳಲ್ಲಿ ತಾಯಿಯ ಪಾಲು ಏಳೆಂಟು ಬಾರಿ ಅರ್ಧವಾಗಿ ಅಳತೆಗೆ ಸಿಗದಂತಾಗಿರುತ್ತದೆ. ಹಿಂಡಿನಲ್ಲಿ ರೋಗ ಕಾಣಿಸಿಕೊಂಡಿಲ್ಲವಾದರೆ ಆಗ ಕಾಣುವ 32 ಅಥವಾ 64 ಮರಿ ಲಸಿಕೆಯಿಂದ ತಾನೇ ಗಳಿಸಿದ್ದು. 20 ಮಾದರಿಗಳಲ್ಲಿ ಬಹುಪಾಲು ಶೂನ್ಯವೆಂದಾದರೆ, ಲಸಿಕೆಯ ಖಾಲಿ ಸೀಸೆಗಳೂ ದಾಖಲೆಯ ಸಹಿಗಳೂ ಎಷ್ಟೇ ಇರಲಿ, ಆ ತಂಡವನ್ನು ಹಂಚುವ ಮೊದಲು ಮತ್ತೆ ಲಸಿಕೆ ಹಾಕಿಸಿ ಎರಡು-ಮೂರು ವಾರ ಕಾಯುವುದು ಮೇಲು. ಒಂದೆರಡು ಮಾದರಿಗಳಲ್ಲಿ ಕಡಿಮೆ ಬಂದ ಮಾತ್ರಕ್ಕೆ ಗಾಬರಿಯಾಗಬೇಕಾಗಿಲ್ಲ. ಹನಿ ಲಸಿಕೆಯ ರಕ್ಷಣೆಯ ಒಂದು ಪಾಲು ಕಣ್ಣು, ಮೂಗು, ಶ್ವಾಸನಾಳದ ಒಳಪೊರೆಯಲ್ಲಿರುತ್ತದೆ. ರಕ್ತದ ಪರೀಕ್ಷೆ ಅದನ್ನು ಅಳೆಯದು.

ಮಾದರಿ ಕಳಿಸುವ ದಾರಿ ಸ್ಥಳೀಯ ಪಶು ಚಿಕಿತ್ಸಾಲಯದ ಮೂಲಕ. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯು ರೋಗಪತ್ತೆಯ ಜೊತೆಗೆ ಲಸಿಕೆಗಳನ್ನೂ ತಯಾರಿಸುವ ಸಂಸ್ಥೆ. ಎಲ್ಲಿಗೆ, ಯಾವ ನಮೂನೆಯೊಡನೆ, ಎಷ್ಟು ಶುಲ್ಕಕ್ಕೆ ಕಳಿಸಬೇಕೆಂಬುದನ್ನು ಪಶುವೈದ್ಯಾಧಿಕಾರಿಗಳಿಂದ ಲಿಖಿತವಾಗಿ ಪಡೆದು ಸಭೆಯ ನಡಾವಳಿಯಲ್ಲಿ ಸೇರಿಸುವುದು ಒಳ್ಳೆಯದು. ಮುಂದೆ ದೂರು ಬಂದಾಗ ಯಾರ ಮೇಲೂ ಅನುಮಾನಪಡದೆ ಕಾರಣ ಹುಡುಕಲು ಆ ಒಂದು ಹಾಳೆ ನೆರವಾಗುತ್ತದೆ. ಮರಿ ತಂದ ದಿನ, ಲಸಿಕೆಯ ಹೆಸರು, ಸೀಸೆಯ ತಂಡ ಸಂಖ್ಯೆ, ಹಾಕಿದ ದಿನಾಂಕ ಹಾಗೂ ವೇಳೆ, ಅಂದಿಗೆ ಮರಿಯ ವಯಸ್ಸು: ಕಾಮಗಾರಿಗೆ ಅಳತೆ ಪುಸ್ತಕವಿರುವಂತೆ ಮರಿ ತಂಡಕ್ಕೂ ಇಷ್ಟರ ದಾಖಲೆ ಬೇಕು. ಪಶು ಸಖಿಯರಿರುವ ಊರುಗಳಲ್ಲಿ ಇದು ಕಷ್ಟದ ಕೆಲಸವೇನಲ್ಲ.

ದಿನಾಂಕ ಸರಿಯಾಗಿ ಗೊತ್ತುಪಡಿಸಿದ ಮೇಲೂ ಲಸಿಕೆ ದಾರಿಯಲ್ಲಿ ಸಾಯಬಹುದು. ಸೀಸೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಟ್ಟು ತರಬೇಕು, ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಒಂದು ಸೀಸೆ ನೂರು ಮರಿಗೋ ಅದಕ್ಕಿಂತ ಹೆಚ್ಚಿಗೋ ಆಗುವುದರಿಂದ, ಐದು ಮರಿಯ ಮನೆಯವರು ಒಬ್ಬೊಬ್ಬರೇ ಬರುವ ಬದಲು ಓಣಿಗೆ ಒಂದು ಬೆಳಗನ್ನು ನಿಗದಿ ಮಾಡುವುದೇ ದಾರಿ. ಸತ್ತ ಕೋಳಿಯನ್ನು ಹಳ್ಳಕ್ಕೋ ಕೆರೆ ಏರಿಯ ಆಚೆಗೋ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳುವುದು, ರೋಗ ಕಂಡ ಮನೆಯ ಕೋಳಿಯನ್ನು ಆತುರದಲ್ಲಿ ಸಂತೆಗೆ ಒಯ್ಯದಿರುವುದು ಸದಸ್ಯರಿಗೆ ತಿಳಿದೇ ಇದೆ.

ತಿಳಿದಿರದಿರಬಹುದಾದ ಒಂದು ಸಂಗತಿ ಪಂಚಾಯಿತಿಯ ಕೈಯಲ್ಲೇ ಇದೆ. ನಾಲ್ಕನೆಯ ವಾರದ ಲಸಿಕೆಯನ್ನು ಹಲವೆಡೆ ಕುಡಿಯುವ ನೀರಿನಲ್ಲಿ ಬೆರೆಸಿ ಕೊಡುತ್ತಾರೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಕಾಲರಾ ರೋಗಾಣುವನ್ನು ಕೊಲ್ಲುವಂತೆಯೇ ಲಸಿಕೆಯ ಜೀವಂತ ವೈರಾಣುವನ್ನೂ ಕೊಲ್ಲುತ್ತದೆ. ನೀರುಗಂಟಿ ಬೆಳಿಗ್ಗೆ ಮೇಲ್ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನವೇ ಓಣಿಯಲ್ಲಿ ಲಸಿಕೆ ಹಾಕಿದರೆ ಇಬ್ಬರೂ ತಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡಿದಂತಾಗುತ್ತದೆ, ಮರಿಗೆ ಮಾತ್ರ ಏನೂ ಸಿಗುವುದಿಲ್ಲ. ಇದಕ್ಕಾಗಿ ಜನರ ನೀರಿಗೆ ಕ್ಲೋರಿನ್ ನಿಲ್ಲಿಸುವುದು ಖಂಡಿತ ಸಲ್ಲದು. ಲಸಿಕೆಯ ದಿನಾಂಕವನ್ನು ನೀರುಗಂಟಿಗೂ ಮುಂಚಿತವಾಗಿ ತಿಳಿಸಿ, ಕೊಳವೆಬಾವಿಯಿಂದ ನೇರವಾಗಿ, ತೊಟ್ಟಿಗೆ ಏರುವ ಮೊದಲೇ, ಓಣಿಗೆ ಎರಡು ಕೊಡ ನೀರು ಹಿಡಿದಿಡಲು ಹೇಳಿದರೆ ಸಾಕು.